ಹೆಚ್ಚಾದ ಎರಡು ಸಾಲು

ನಾನು ಬರೆದದ್ದರಿಂದ ಒಬ್ಬ ಹೆಂಗಸಿನ ಹೆಸರು ಕೆಟ್ಟಿತು. ಹೆಸರಿನ ಹಿಂದೆಯೇ ಅವರ ವ್ಯಾಪಾರವೂ ಹೋಯಿತು. ಇಷ್ಟು ಖಚಿತ. ಆದರೆ ಅದನ್ನು ಬರೆಯುವಾಗ ನನಗೆ ನಿಜ ಗೊತ್ತಿತ್ತೇ, ಗೊತ್ತಿದ್ದೂ ಬರೆದೆನೇ — ಇದನ್ನು ಆಣೆಯಿಟ್ಟು ಹೇಳಲಾರೆ. ಹನ್ನೊಂದು ವರ್ಷಗಳಿಂದ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತಿದ್ದೇನೆ. ಒಮ್ಮೆ ಗೊತ್ತಿತ್ತು ಅನ್ನಿಸುತ್ತದೆ, ಇನ್ನೊಮ್ಮೆ ಇಲ್ಲ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿದವನು ನಾನು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಬೇಕೆಂದು ಅಲ್ಲಿ ಕಲಿತೆ. ಆ ಕಲಿಕೆಯನ್ನು ಯಾವುದಕ್ಕೆ ಬಳಸಿಕೊಂಡೆ ಎಂಬುದೂ ಈ ನಿವೇದನೆಯ ಭಾಗವೇ.

ಮೊದಲು ಸಣ್ಣ ಗುಟ್ಟು ಹೇಳಿಬಿಡುತ್ತೇನೆ. ನಮ್ಮ ಉಪನಗರದ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ‘ಪೇಟೆ ಸುತ್ತು’ ಎಂಬ ಅಂಕಣ ಬರೆಯುತ್ತಿದ್ದ ವೈಜಯಂತಿ ನಾನೇ. ಎಂಬತ್ತರ ದಶಕದ ಮೊದಲ ವರ್ಷಗಳು. ಕೋಟೆಯ ಕಡೆ ವಿಮೆಯ ಕಚೇರಿಯೊಂದರಲ್ಲಿ ಕೆಲಸ, ಬೊರಿವಲಿಯಲ್ಲಿ ಮನೆ, ದಿನಕ್ಕೆರಡು ಹೊತ್ತು ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ. ದಾದರಿನಲ್ಲಿ ಮ್ಯಾಚಿಂಗ್ ಬ್ಲೌಸ್‌ಪೀಸು ಎಲ್ಲಿ ಸರಿಯಾಗಿ ಸಿಗುತ್ತದೆ, ಸೀರೆಗೆ ಫಾಲ್ ಯಾರು ಚೆನ್ನಾಗಿ ಹಾಕುತ್ತಾರೆ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಪ್ಯಾಂಟನ್ನು ಬೆಳಕಿಗೆ ಹಿಡಿದು ಹೇಗೆ ಮೂಗು ಮುರಿಯುತ್ತಾಳೆ — ಇಂಥದ್ದೆಲ್ಲ ಬರೆಯುತ್ತಿದ್ದೆ. ವಿವರಗಳು ಹೆಂಡತಿ ಶಶಿಕಲಾಳವು, ವಾಕ್ಯಗಳು ನನ್ನವು. ಗಂಡಸು ಬರೆದರೆ ಯಾರೂ ನಂಬುವುದಿಲ್ಲವೆಂದು ಸಂಪಾದಕರು ಈ ಹೆಸರಿಟ್ಟರು. ಅವರು ಭಾಸ್ಕರಣ್ಣ, ಉಡುಪಿಯ ಕಡೆಯವರು. ಬೈಕುಲ್ಲಾದಲ್ಲಿ ಅವರದೇ ಪುಟ್ಟ ಪ್ರೆಸ್ಸು. ನಿಜ ತಿಳಿದವರು ನಾವು ಮೂವರೇ.

ಓದುಗರು ಬಹಳ ಹಚ್ಚಿಕೊಂಡರು. ಸಂಘದ ಸಭೆಗಳಲ್ಲಿ ಹೆಂಗಸರು ‘ವೈಜಯಂತಿ ಯಾರಿರಬಹುದು’ ಎಂದು ಊಹಿಸುತ್ತಿದ್ದರೆ ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆ. ಆ ಸುಖ — ಅದನ್ನು ಮುಚ್ಚಿಡಲಾರೆ — ಆ ಸುಖ ನನಗೆ ಸಂಬಳಕ್ಕಿಂತ ದೊಡ್ಡದಾಗಿತ್ತು.

ಗಿರಿಜಕ್ಕ ಜೋಗೇಶ್ವರಿಯ ಒಂದು ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ಇದ್ದರು. ಅವರೂ ಉಡುಪಿ ಕಡೆಯವರೇ. ಗಂಡ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು ಬೆನ್ನುನೋವಿನಿಂದ ಮನೆ ಹಿಡಿದಿದ್ದರು. ಗಿರಿಜಕ್ಕ ಮನೆಯಲ್ಲೇ ಸೀರೆ ಮಾರಿ ಸಂಸಾರ ತೂಗಿಸುತ್ತಿದ್ದರು. ಸಂಘದ ಹೆಂಗಸರೇ ಅವರ ಗಿರಾಕಿಗಳು. ಒಬ್ಬರು ಉಟ್ಟು ಬಂದರೆ ಅದನ್ನು ನೋಡಿ ಇನ್ನೊಬ್ಬರು. ಬೋರ್ಡಿಲ್ಲ, ರಸೀದಿಯಿಲ್ಲ. ಅವರ ಮಾತೇ ಅವರ ಅಂಗಡಿ.

ಈ ಊರಿನ ಮರಾಠಿ ಹೆಂಗಸರು ಸಂಕ್ರಾಂತಿಗೆ ಕಪ್ಪು ಸೀರೆ ಉಟ್ಟು ಅರಿಶಿನ-ಕುಂಕುಮಕ್ಕೆ ಹೋಗುತ್ತಾರೆ. ಹಬ್ಬದ ದಿನ ಕಪ್ಪು ಎಂದರೆ ನಮ್ಮ ಮೈಸೂರಿನ ಕಡೆಯವರಿಗೆ ಎದೆ ಧಸಕ್ಕೆನ್ನುತ್ತದೆ. ಒಂದು ಡಿಸೆಂಬರಿನಲ್ಲಿ ವೈಜಯಂತಿ, ಅಂದರೆ ನಾನು, ‘ಈ ಊರಿನ ನೀರು ಕುಡಿಯುತ್ತೇವೆ, ಈ ಊರಿನ ಕಪ್ಪನ್ನೂ ಒಮ್ಮೆ ಉಟ್ಟು ನೋಡೋಣ’ ಎಂದು ಬರೆದೆ. ಆ ವರ್ಷ ಗಿರಿಜಕ್ಕ ಕಪ್ಪು ಒಡಲು, ಕೆಂಪು ಅಂಚಿನ ಹತ್ತಿ ಸೀರೆಗಳನ್ನು ತರಿಸಿದರು. ಎಲ್ಲವೂ ಖಾಲಿಯಾದವು. ಶಶಿಯೂ ಒಂದು ಕೊಂಡಳು. ‘ಆ ವೈಜಯಂತಿ ಯಾರೋ ಏನೋ ಮಾರಾಯ್ರೆ, ಅವರ ಕೈಗೆ ಬಂಗಾರದ ಬಳೆ ಹಾಕ್ಬೇಕು!’ ಎಂದು ಗಿರಿಜಕ್ಕ ನಮ್ಮ ಮನೆಯಲ್ಲೇ ನಕ್ಕಿದ್ದರು. ನಾನೂ ನಕ್ಕಿದ್ದೆ.

ಸೀರೆಯ ಒಳಗೆ ಉಡಲು ಕಪ್ಪು ಲಂಗ ಬೇಕಿತ್ತು. ‘ದಾದರಿನ ಮ್ಯಾಚಿಂಗ್ ಅಂಗಡಿಯಿಂದಲೇ ತನ್ನಿ’ ಎಂದು ಶಶಿ ಹೇಳಿದ್ದಳು. ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ, ಬೈಕುಲ್ಲಾ ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನ ರಾಶಿಯಿಂದ ನಾನೇ ಆರಿಸಿದೆ. ಪೇಟೆಯ ಅಂಕಣಕಾರನಲ್ಲವೇ — ನನಗೆ ಯಾರು ಮೋಸ ಮಾಡುತ್ತಾರೆ?

ಹಬ್ಬ ಮುಗಿದ ಭಾನುವಾರ ಬೆಳಿಗ್ಗೆ ಶಶಿ ಬಚ್ಚಲಿನಿಂದ ಕೂಗಿದಳು: ‘ಬನ್ನಿ ರೀ ಇಲ್ಲಿ, ನೋಡಿ ಹೇಗೆ ಬಿಡ್ತಾ ಇದೆ!’ ಹೋಗಿ ನೋಡಿದೆ. ಬಕೆಟ್ಟಿನ ನೀರು ಮಸಿಯಂತಾಗಿತ್ತು. ಅವಳ ಎರಡೂ ಕೈ ಮಣಿಕಟ್ಟಿನವರೆಗೆ ಕಪ್ಪು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಅಥವಾ ಇದನ್ನು ನಾನು ಬರೆದದ್ದರಿಂದ, ಬರೆದದ್ದೇ ನೆನಪಾಗಿ ಕೂತಿದೆಯೋ. ಬಕೆಟ್ಟಿನಲ್ಲಿ ಸೀರೆಯಿತ್ತು. ಲಂಗವೂ ಇತ್ತು. ಆದರೆ ಲಂಗವನ್ನು ಆಗಲೇ ಕಂಡೆನೋ, ಆಮೇಲೆ ಹಗ್ಗದ ಮೇಲೆ ಕಂಡೆನೋ? ‘ಲಂಗದ್ದೇ ಇರಬೇಕು ಕಣ್ರೀ’ ಎಂದು ಶಶಿ ಹೇಳಿದ್ದು ನಿಜ. ಆ ಮಾತು ಅಂದೇ ಬಂತೋ, ಅಂಕಣ ಅಚ್ಚಾದ ಮೇಲೆ ಬಂತೋ — ಇಲ್ಲಿ ನನ್ನ ಜ್ಞಾಪಕ ಕೈ ಬಿಡುತ್ತದೆ.

ಅದೇ ವಾರ ಅಂಕಣ ಬರೆದೆ. ಹೆಸರು ಹಾಕಲಿಲ್ಲ, ‘ಜೋಗೇಶ್ವರಿಯಲ್ಲಿ ಮನೆಯಲ್ಲೇ ಮಾರುವ ಸೀರೆ’ ಎಂದಷ್ಟೇ ಬರೆದೆ. ಹೆಸರು ಬೇಕೇ? ಇದ್ದವರೇ ಒಬ್ಬರು. ‘ಈ ಸೀರೆ ಕೊಂಡರೆ ಮಕ್ಕಳಿಗೆ ವರ್ಷವಿಡೀ ಶಾಯಿ ಕೊಳ್ಳುವ ಖರ್ಚು ಉಳಿಯುತ್ತದೆ’ — ಇದು ನನ್ನ ಮಾತು. ಹೊಳೆದಾಗ ಲೋಕಲಿನಲ್ಲಿ ನಿಂತಲ್ಲೇ ನಕ್ಕಿದ್ದೆ.

ಪ್ರೂಫ್ ನೋಡಲು ಬೈಕುಲ್ಲಾಕ್ಕೆ ಹೋದಾಗ ಭಾಸ್ಕರಣ್ಣ ಹಾಳೆ ಮುಂದಿಟ್ಟರು. ‘ಎರಡು ಸಾಲು ಹೆಚ್ಚುಂಟು ಮಾರಾಯ್ರೆ. ಯಾವುದಾದ್ರೂ ಕಡಿದು ಕೊಡಿ. ಪುಟ ಎಂಥ ರಬ್ಬರಾ, ಎಳೀಲಿಕ್ಕೆ?’ ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಎರಡು ಸಾಲು ಹೋಗಲೇಬೇಕಿತ್ತು. ಕೆಂಪು ಪೆನ್ನು ತೆಗೆದುಕೊಂಡು ಎರಡು ಸಾಲಿನ ಮೇಲೆ ಗೀಟು ಹಾಕಿದೆ. ಯಾವ ಎರಡು? ಬೊರಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಮಲ್ಲಿಗೆ ಮಾರುವ ಹೂವಿನವಳ ಬಗ್ಗೆ ಬರೆದಿದ್ದ ಎರಡು ಸಾಲು. ಹೀಗೆಂದೇ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಸಂಚಿಕೆ ಮನೆಮನೆಗೆ ಹೋದ ವಾರವೇ ಸಂಘದ ಸಭೆ. ಚೀಲ ಹಿಡಿದು ಬಂದ ಗಿರಿಜಕ್ಕನನ್ನು ನೋಡಿ ಯಾರೋ ಅಂದರು: ‘ಏನ್ ಗಿರಿಜಕ್ಕ, ಸೀರೆ ಜೊತೆ ಪೆನ್ನು ಫ್ರೀನಾ?’ ಹಿಂದಿನ ಸಾಲಿನಿಂದ ಇನ್ನೊಬ್ಬರು, ‘ನನ್ನ ಮಗನಿಗೆ ಪರೀಕ್ಷೆ ಬಂತು, ಅರ್ಧ ಮೀಟರ್ ಕತ್ತರಿಸಿ ಕೊಡ್ರೀ ಸಾಕು!’ ಎಂದರು. ಹಾಲೆಲ್ಲ ನಗು. ಗಿರಿಜಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅವರೂ ನಗಲು ಬಾಯಿ ತೆರೆದರು. ಪಕ್ಕದವರು ಪತ್ರಿಕೆ ತೋರಿಸಿದ ಮೇಲೆ ಆ ಬಾಯಿ ಹಾಗೆಯೇ — ಅದನ್ನು ವರ್ಣಿಸಲಾರೆ. ಅಂದು ಚೀಲ ಬಿಚ್ಚಲಿಲ್ಲ. ‘ಶಾಯಿ ಸೀರೆ’ ಎಂಬ ಮಾತು ಅಂದೇ ಹುಟ್ಟಿತು. ಯಾರೂ ಜಗಳವಾಡಲಿಲ್ಲ, ಸೀರೆ ಹಿಂತಿರುಗಿಸಲಿಲ್ಲ. ಸೀರೆಗಾಗಿ ಜೋಗೇಶ್ವರಿಯಲ್ಲಿ ಇಳಿಯುವುದನ್ನು ಎಲ್ಲರೂ ಬಿಟ್ಟರು, ಅಷ್ಟೇ.

ಹದಿನೈದು ದಿನ ಕಳೆದು ಗಿರಿಜಕ್ಕ ನಮ್ಮ ಮನೆಗೆ ಬಂದರು. ಶನಿವಾರ ಮಧ್ಯಾಹ್ನ, ನನಗೆ ಅರ್ಧ ದಿನದ ಕಚೇರಿ. ಶಶಿ ನೀರು ಕೊಟ್ಟಳು. ಅವರು ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೇಳಿದರು:

‘ನಿಮ್ಮ ಸೀರೆ ಬಣ್ಣ ಬಿಟ್ಟಿತಾ ಶಶಿಯಮ್ಮ? ಉಳಿದವರದ್ದು ಬಿಟ್ಟಿಲ್ಲಂತೆ, ಆದ್ರೂ ಯಾರೂ ಬಾಯಿ ಬಿಟ್ಟು ಹೇಳುದಿಲ್ಲ. ಆ ವೈಜಯಂತಿ ಸಿಕ್ಕಿದ್ರೆ ಅವರ ಎದುರೇ ಒಂದು ಹೊಸ ಸೀರೆ ಬಕೆಟಿಗೆ ಹಾಕಿ ತೋರಿಸ್ತೇನೆ. ಜಗಳಕ್ಕಲ್ಲ ಮಾರಾಯ್ರೆ. ನೀವು ಒಬ್ರಾದ್ರೂ ಸಭೆಯಲ್ಲಿ ಹೇಳಿದ್ರೆ ಸಾಕು.’

ಶಶಿ ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ‘ನಮಗೆ ಸರಿಯಾಗಿ ನೆನಪಿಲ್ಲ, ಗಿರಿಜಕ್ಕ.’

ಬಚ್ಚಲಿನ ಆ ಭಾನುವಾರ ಕಳೆದು ಹೆಚ್ಚೆಂದರೆ ಒಂದೂವರೆ ತಿಂಗಳು. ಅಷ್ಟರಲ್ಲಿ ಕಪ್ಪು ನೀರನ್ನು ಮರೆಯುವವರು ಯಾರು? ಆಗ ನಾನು ಮರೆತಿರಲಿಲ್ಲ, ಇದರಲ್ಲಿ ಅನುಮಾನವಿಲ್ಲ. ಲಂಗದ ವಿಷಯ ಆ ಹೊತ್ತಿಗೆ ನಮ್ಮಿಬ್ಬರಿಗೂ ಗೊತ್ತಿತ್ತು. ಎರಡನೆಯ ಸಲ ಒಗೆದಾಗ ಸೀರೆ ಬಿಡಲಿಲ್ಲ, ಲಂಗ ಬಿಟ್ಟಿತ್ತು. ಹೇಳಿದ್ದರೆ ವೈಜಯಂತಿ ತಿದ್ದಬೇಕಿತ್ತು. ತಿದ್ದಿದ್ದರೆ ಆ ಬಕೆಟ್ಟು ಯಾರ ಮನೆಯದೆಂದು ತಿಳಿಯುತ್ತಿತ್ತು. ತಿಳಿದಿದ್ದರೆ ಪಕ್ಕದಲ್ಲಿ ಕೂತು ಕಾಫಿ ಕುಡಿಯುವ ಆ ಸುಖ... ಇಷ್ಟಕ್ಕಾಗಿ. ಗಿರಿಜಕ್ಕ ಲೋಟವನ್ನು ಕೆಳಗಿಟ್ಟು, ‘ಪರವಾಗಿಲ್ಲ, ಎಲ್ಲರಿಗೂ ಎಲ್ಲ ನೆನಪಿರುದಿಲ್ಲ’ ಎಂದು ಎದ್ದರು. ಮೆಟ್ಟಿಲಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳುತ್ತಾ ನಾನು ಪೇಪರ್ ಓದುವವನಂತೆ ಕೂತಿದ್ದೆ.

ಆ ವರ್ಷವೇ ಅವರು ಸೀರೆಯ ವ್ಯಾಪಾರ ಬಿಟ್ಟು, ಮನೆಯ ಹತ್ತಿರದ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದರೆಂದು ತಿಳಿಯಿತು. ನಾನು ಇನ್ನೂ ಎರಡು ವರ್ಷ ಅಂಕಣ ಬರೆದೆ. ಹೌದು, ನಿಲ್ಲಿಸಲಿಲ್ಲ. ಲಂಗ ಆರು ತಿಂಗಳಿಗೆ ಬೂದಿಬಣ್ಣಕ್ಕೆ ತಿರುಗಿ ನೆಲ ಒರೆಸುವ ಬಟ್ಟೆಯಾಯಿತು. ಸೀರೆ ಇಂದಿಗೂ ಕಪ್ಪಾಗಿಯೇ ಇದೆ. ಶಶಿ ಅದನ್ನು ಸಂಘಕ್ಕೆ ಉಟ್ಟು ಬಂದವಳಲ್ಲ. ಒಮ್ಮೆ ಮಾತ್ರ ಅಂದಳು: ‘ನೀವು ಅವತ್ತು ನೆನಪಿಲ್ಲ ಅಂದ್ರಿ. ಆಮೇಲೆ ನಿಜವಾಗ್ಲೂ ಮರೆಯಕ್ಕೆ ಶುರು ಮಾಡಿದ್ರಿ.’

ಕಳೆದ ತಿಂಗಳು ಸಂಘದ ಹಾಲಿನಲ್ಲಿ ಒಂದು ನಾಮಕರಣ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಗಿರಿಜಕ್ಕ. ತಲೆ ಅರ್ಧ ನರೆತಿತ್ತು. ಅವರ ಪಕ್ಕದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ಅದೇ ಚಾಳಿನವಳು. ಅವಳ ಕನ್ನಡ ಇಲ್ಲಿನ ಮಕ್ಕಳ ಹಿಂದಿ ಬೆರೆತ ಕನ್ನಡ.

‘ಆಂಟಿ, ನಿಮ್ಗೆ ಎಲ್ಲ ಶಾಯಿ ಗಿರಿಜಕ್ಕ ಯಾಕೆ ಬೋಲ್ತಾರೆ? ಶಾಯಿ ಅಂದ್ರೆ ಇಂಕ್ ನಾ?’

‘ಹೌದು ಮಗಾ. ನಾನು ಹಿಂದೆ ಸೀರೆ ಮಾರ್ತಿದ್ದೆ. ಅದು ಶಾಯಿ ಬಿಡ್ತಿತ್ತಂತೆ.’

‘ಸಚ್ಚೀ? ಬಿಡ್ತಿತ್ತಾ?’

‘ಅದನ್ನು ಬರೆದವರನ್ನೇ ಕೇಳ್ಬೇಕು. ನೀನು ಹೋಳಿಗೆ ತಿನ್ನು, ತಣ್ಣಗಾಗ್ತದೆ.’

ಅವರು ನನ್ನ ಕಡೆ ನೋಡಲಿಲ್ಲ. ನೋಡಲು ಅವರಿಗೆ ಕಾರಣವೂ ಇರಲಿಲ್ಲ. ನನ್ನ ಶಾಯಿಯ ಮಾತು ಅವರ ಹೆಸರಿಗೇ ಅಂಟಿಕೊಂಡು, ಆಗ ಹಾಲುಹಲ್ಲಿನ ಮಗುವಾಗಿದ್ದ ಹುಡುಗಿಯ ಬಾಯಿಗೂ ಬಂದಿತ್ತು.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಇಲ್ಲಿಯವರೆಗೆ ಬರೆದು ನಿಲ್ಲಿಸಿ ನಾಲ್ಕು ದಿನವಾಯಿತು. ಗಿರಿಜಕ್ಕನಿಗೆ ‘ನೆನಪಿಲ್ಲ’ ಎಂದದ್ದು ಸುಳ್ಳೆಂದು ಒಪ್ಪಿಕೊಂಡಾಗಿದೆ. ಆದರೆ ಬರೆಯುವಾಗ ಗೊತ್ತಿರಲಿಲ್ಲ, ಅಷ್ಟರ ಮಟ್ಟಿಗೆ ನಾನು ನಿರಪರಾಧಿ ಎಂಬ ಒಂದು ಮೂಲೆಯನ್ನು ನನಗಾಗಿ ಉಳಿಸಿಕೊಂಡಿದ್ದೆ. ಅದನ್ನು ಪರೀಕ್ಷಿಸುವ ದಾರಿ ಮನೆಯಲ್ಲೇ ಇತ್ತು. ವೈಜಯಂತಿಯ ಎಲ್ಲ ಪ್ರೂಫುಗಳನ್ನೂ ಭಾಸ್ಕರಣ್ಣನಿಂದ ಕೇಳಿ ತಂದು ಕಡತ ಮಾಡಿಟ್ಟಿದ್ದೆ — ಅಭಿಮಾನದಿಂದ. ಅಂಕಣ ನಿಂತ ಮೇಲೆ ಅದು ಬೀರುವಿನ ಮೇಲೆ ಒಂಬತ್ತು ವರ್ಷ ಧೂಳು ತಿಂದಿದೆ. ಎಲ್ಲವನ್ನೂ ಅನುಮಾನಿಸುವ ನಾನು, ಸ್ಟೂಲು ಹತ್ತಿ ಕೈಚಾಚಿದರೆ ಸಿಗುವ ಒಂದು ಹಾಳೆಯನ್ನು ಮಾತ್ರ ನೋಡಿರಲಿಲ್ಲ.

ನಾಳೆ ಜೋಗೇಶ್ವರಿಗೆ ಹೋಗುತ್ತೇನೆ. ಇದನ್ನು ಮೊದಲು ಗಿರಿಜಕ್ಕನಿಗೆ ಓದಿ ಹೇಳಿ, ಅವರು ಒಪ್ಪಿದರೆ ಅದೇ ಪತ್ರಿಕೆಗೆ, ಈ ಸಲ ನನ್ನ ಸ್ವಂತ ಹೆಸರಿನಲ್ಲಿ ಕೊಡುತ್ತೇನೆ. ಅವರು ಬೈದರೆ ಕೇಳಿಸಿಕೊಳ್ಳುತ್ತೇನೆ. ಬಾಗಿಲು ತೆರೆಯದಿದ್ದರೆ — ಅದೂ ನ್ಯಾಯವೇ.

ಇವತ್ತು ಬೆಳಿಗ್ಗೆ ಕಡತ ಇಳಿಸಿದೆ. ಶಶಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ತಿಂಗಳ ಪ್ರೂಫ್ ಸಿಕ್ಕಿತು. ಹಾಳೆ ಹಳದಿಯಾಗಿದೆ, ಕೆಂಪು ಗೀಟು ಮಾಸಿಲ್ಲ. ಗೀಟಿನ ಕೆಳಗಿನ ಎರಡು ಸಾಲು ಸಲೀಸಾಗಿ ಓದಬಹುದು: ‘ಅದೇ ಬಕೆಟ್ಟಿನಲ್ಲಿ ಫುಟ್‌ಪಾತಿನಿಂದ ತಂದ ಹೊಸ ಲಂಗವೂ ನೆನೆದಿತ್ತು, ಬಣ್ಣ ಬಿಟ್ಟದ್ದು ಯಾವುದೆಂದು ಹೇಳುವುದು ಕಷ್ಟ.’ ಅಚ್ಚಾದ ಸಂಚಿಕೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಹೂವಿನವಳು ಇದ್ದಾಳೆ. ಶಾಯಿಯ ಮಾತು ಇದೆ. ಈ ಎರಡು ಸಾಲು ಇಲ್ಲ.