ಸೈಕಲ್ಲಿನ ಗಂಟೆ ತಮ್ಮನದು

1976ರ ಡಿಸೆಂಬರಿನಲ್ಲಿ ರಾಯಚೂರಿನ ನಮ್ಮ ಎದುರುಮನೆಯ ಹತ್ತಿ ವ್ಯಾಪಾರಿ ಕಾರಿನಲ್ಲಿ ಕವಿತಾಳಕ್ಕೆ ಹೋಗಿ, ಕಾಣೆಯಾಗಿದ್ದ ತಮ್ಮನನ್ನು ಕಣ್ಣಾರೆ ಕಂಡು, ಬರಿಗೈಯಲ್ಲಿ ಮರಳಿದರು. ಆ ಕಾರಿನಲ್ಲಿ ನಾನೂ ಇದ್ದೆ.

ಇದನ್ನು ಈಗ ಬರೆಯಲು ಕಾರಣ ಒಂದು ಸದ್ದು. ಎದುರುಮನೆಯ ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಹಳೆಯ ಸೈಕಲ್ಲೊಂದಿದೆ. ಹೋದ ಶುಕ್ರವಾರ ಯಾರೋ ಅದರ ಗಂಟೆ ಬಾರಿಸಿದರು. ತುಕ್ಕು ಹಿಡಿದ ಗಂಟೆಯ ಸದ್ದಲ್ಲ ಅದು...

ಓಣಿಯವರೆಲ್ಲ ಆ ವ್ಯಾಪಾರಿಯನ್ನು ಚಾಚಾ ಎನ್ನುತ್ತಿದ್ದರು. ನಾನು ಆಗ ಊರಿನ ಪತ್ರಿಕೆಯೊಂದರಲ್ಲಿ ವರದಿಗಾರ. ತಂದೆತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವರು ಚಾಚಾ. ಅವನಿಗೆ ವಯಸ್ಸು ಬಂದಿತ್ತು, ಬುದ್ಧಿ ಮಾತ್ರ ಮಗುವಿನದು. ಆ ವರ್ಷ ಸಂತೆಗೆ ಹೋದವನನ್ನು ಸರ್ಕಾರಿ ಜೀಪಿನಲ್ಲಿ ಹತ್ತಿಸಿಕೊಂಡು ಹೋಗಿ, ಮಕ್ಕಳಾಗದ ಆಪರೇಶನ್ ಮಾಡಿ ಬಿಟ್ಟರು. ಅವನಿಗೆ ಮದುವೆಯೇ ಆಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲ. ಅದು ಪತ್ರಿಕೆಯಲ್ಲಿ ಬರುವಂತಹ ಸುದ್ದಿಯಾಗಿರಲಿಲ್ಲ, ಬರಲಿಲ್ಲ. ಆಮೇಲೆ ಮೋಟಾರಿನ ಸದ್ದು ಕೇಳಿದರೆ ಸಾಕು, ಅವನು ಮಂಚದ ಕೆಳಗೆ ಸೇರುತ್ತಿದ್ದ. ಒಂದು ಬೆಳಿಗ್ಗೆ ಮಂಚದ ಕೆಳಗೂ ಇರಲಿಲ್ಲ.

ಕವಿತಾಳದ ಕಡೆ ಅವನನ್ನು ಕಂಡವರಿದ್ದಾರೆಂದು ಯಾರೋ ಹೇಳಿಕಳಿಸಿದ್ದರು. ಬೇಗ ತಲುಪಬೇಕೆಂದು ಚಾಚಾ ಕಾರು ತೆಗೆದರು. ಊರ ಹೊರಗಿನ ಬಾವಿಕಟ್ಟೆಯ ಮೇಲೆ ನಾಲ್ಕೈದು ಜನರ ನಡುವೆ ತಮ್ಮ ಕುಳಿತಿದ್ದ. ಸಂತೋಷ ತಡೆಯಲಾರದೆ ಚಾಚಾ ಹಾರ್ನ್ ಒತ್ತಿದರು.

ಕಟ್ಟೆ ಖಾಲಿಯಾಯಿತು. ಎಲ್ಲರ ಜೊತೆ ಅವನೂ ಆಳೆತ್ತರದ ಜೋಳದ ಹೊಲ ಹೊಕ್ಕಿದ್ದ.

ನೀರು ಸೇದುತ್ತಿದ್ದ ಹೆಂಗಸು ಹಗ್ಗ ಬಿಡಲಿಲ್ಲ. "ಮೋಟಾರ್ ಯಾಕ್ ತಂದ್ರಿ? ಆಪರೇಶನ್ನಿನವ್ರು ಬಂದ್ರಂತ ಊರಾನ ಗಂಡಸರೆಲ್ಲ ಓಡಾಕತ್ತಾರ. ನಮ್ಮನಿ ಮುದುಕನೂ ಓಡ್ಯಾನ. ಹಲ್ಲಿಲ್ಲ, ಕಣ್ಣಿಲ್ಲ, ಅಂವಗ್ಯಾಕ ಬೇಕ್ರಿ ಭಯ?"

"ಛೋಟೇ... ಛೋಟೇ..." ಎಂದು ತಮ್ಮನನ್ನು ಕೂಗುತ್ತ ಚಾಚಾ ಕತ್ತಲಾಗುವವರೆಗೆ ಜೋಳದ ಸಾಲುಗಳಲ್ಲಿ ತಿರುಗಿದರು. ಮನೆ ಮುಂದೆ ಕಾರು ನಿಲ್ಲಿಸಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಮತ್ತೆ ಅದನ್ನು ಕೇಳಲಿಲ್ಲ.

ಮರುದಿನ ಅಟ್ಟದ ಮೇಲಿದ್ದ ಸೈಕಲ್ ಕೆಳಗಿಳಿಯಿತು. ಹಿಂದೆ ಅಣ್ಣ ತಮ್ಮ ಅದರ ಮೇಲೆಯೇ ಗುಂಜಹಳ್ಳಿಗೆ ಹೋಗಿ ಬರುತ್ತಿದ್ದರು. ತುಳಿಯುವುದು ಅಣ್ಣನ ಕೆಲಸ. ಮುಂದಿನ ಕಂಬಿಯ ಮೇಲೆ ಕುಳಿತು ಗಂಟೆ ಬಾರಿಸುವುದು ತಮ್ಮನದು. ಅಣ್ಣ ಮುಟ್ಟಿದರೂ ಜಗಳ.

ಓಣಿಯ ಚಹಾದಂಗಡಿಯವನು ಕೆಣಕಿದ: "ಏನ್ ಸಾಹೇಬ್ರ, ಪೆಟ್ರೋಲ್ ತುಟ್ಟಿ ಆತೇನ್ರಿ?"

"ಕಾರ್ ಬಂತಂದ್ರ ಅಂವ ಓಡ್ತಾನಪಾ," ಎಂದರು ಚಾಚಾ. "ಸೈಕಲ್ ಬಂದ್ರ ನಿಂತ್ರೂ ನಿಂತಾನು."

ಅಂಗಡಿಯವನು ಒಂದು ಚಹಾ ತಂದುಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ವ್ಯಾಪಾರ ಕೈಬಿಟ್ಟುಹೋಯಿತು. ಮಾನ್ವಿಯ ಸಂತೆ, ದೇವದುರ್ಗದ ಹಳ್ಳಿಗಳು, ಮಸೀದಿ, ದರ್ಗಾಗಳ ಮೆಟ್ಟಿಲು... ಊರ ಅಗಸಿ ಬಾಗಿಲಲ್ಲಿ ನಿಂತು ಗಂಟೆ ಬಾರಿಸುವುದು, ಕಾಯುವುದು, ಮುಂದಿನ ಊರಿಗೆ ಹೋಗುವುದು. ತುರ್ತು ಪರಿಸ್ಥಿತಿ ಮುಗಿಯಿತು, ಸರ್ಕಾರ ಬದಲಾಯಿತು. ಅವರ ತಿರುಗಾಟ ನಿಲ್ಲಲಿಲ್ಲ. ಕಾಲು ಬಾತಿರುತ್ತಿದ್ದವು. ಹೆಂಡತಿ ಅತ್ತು ಕೇಳಿಕೊಂಡರೂ ಕಾರಿನತ್ತ ನೋಡುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ, ವರದಿಯೊಂದಕ್ಕಾಗಿ ಗೂಗಲ್ ಎಂಬ ಹಳ್ಳಿಗೆ ಹೋಗಿದ್ದೆ. ಕೃಷ್ಣೆಯ ದಂಡೆಯಲ್ಲಿ ಸೈಕಲ್ ಹಿಡಿದು ಚಾಚಾ ನಿಂತಿದ್ದರು. ಅಷ್ಟು ವರ್ಷ ಸಂತೆ, ಮಸೀದಿ, ದರ್ಗಾಗಳಲ್ಲೇ ಹುಡುಕಿದ್ದ ಅವರಿಗೆ ಗುಡಿಯಲ್ಲಿ ಕೇಳಬೇಕೆಂದು ಹೊಳೆದಿರಲಿಲ್ಲ. ಅಂದು ನೀರು ಕುಡಿಯಲು ಅಲ್ಲಮಪ್ರಭು ಗುಡಿಯ ಬಳಿ ನಿಂತಾಗ ಸೈಕಲ್ ಗಂಟೆ ಬಾರಿಸಿದ್ದರು. ಅದನ್ನು ಕೇಳಿ ಮುದುಕನೊಬ್ಬ ಎದ್ದುಬಂದಿದ್ದ.

"ಇಲ್ಲೇ ಇದ್ದನ್ರಿ ಯಪ್ಪಾ," ಎಂದು ಮುದುಕ ನನ್ನೆದುರಿಗೂ ಹೇಳಿದ. "ಗುಡಿ ಪ್ರಸಾದ ಉಂಡು ಹೊಳಿದಂಡ್ಯಾಗ ಮಲಗ್ತಿದ್ದ. ಯಾರದ ಸೈಕಲ್ ಬರ್ಲಿ, ಓಡಿಬಂದು ಗಂಟಿ ಬಾರಿಸಿ ನಗ್ತಿದ್ದ."

"ಈಗೆಲ್ಲಿ ಅದಾನ?" ಎಂದು ನಾನು ಕೇಳಿದೆ.

"ಹ್ವಾದ ವರ್ಷ ನಮ್ಮೂರಿಗೆ ಬಸ್ ಬಂತಲ್ರಿ. ಬ್ಯಾಂಡ್ ಹಚ್ಚಿ, ಕಾಯಿ ಒಡದ್ವಿ. ಅವತ್ತ ಹರಿಗೋಲು ಹತ್ತಿ ಆಚಿ ದಂಡಿಗೆ ಹ್ವಾದ. ಹೊಳ್ಳಿ ಬರಲಿಲ್ಲ."

ಚಾಚಾ ಸೈಕಲ್ಲನ್ನು ಹರಿಗೋಲಿನಲ್ಲಿ ಮಲಗಿಸಿ, ಪಕ್ಕದಲ್ಲಿ ಕುಳಿತರು. ನಡುಹೊಳೆಯಿಂದಲೇ ಗಂಟೆ ಬಾರಿಸತೊಡಗಿದರು. ಆಚೆಯ ದಂಡೆ ಹತ್ತಿದ ಮೇಲೂ ಬಹಳ ಹೊತ್ತು ಅದು ಕೇಳುತ್ತಿತ್ತು...

ಚಾಚಾ ತೀರಿಕೊಂಡದ್ದು 1987ರಲ್ಲಿ, ಮನೆಯಲ್ಲಿ. ಕೊನೆಯ ದಿನಗಳಲ್ಲಿ ಸೈಕಲ್ಲನ್ನು ಮಂಚದ ಪಕ್ಕಕ್ಕೆ ತರಿಸಿಕೊಂಡಿದ್ದರು. ಕಾರನ್ನು ಆಮೇಲೆ ಗುಜರಿಗೆ ಹಾಕಿದರು.

ಅವರ ಮಗಳು ಈಗಲೂ ಎದುರುಮನೆಯಲ್ಲಿದ್ದಾರೆ. ಪ್ರತಿ ಶುಕ್ರವಾರ ಸೈಕಲ್ಲಿನ ಗಂಟೆಗೆ ಎಣ್ಣೆ ಬಿಟ್ಟು, ಕೇಳುತ್ತದೆಯೋ ಇಲ್ಲವೋ ಎಂದು ಒಮ್ಮೆ ಬಾರಿಸಿ ನೋಡುತ್ತಾರಂತೆ. ಚಿಕ್ಕಪ್ಪನ ಸುದ್ದಿ ಬಂದಿಲ್ಲ.