ತಿಮಿಂಗಿಲಕ್ಕೆ ಬೆನ್ನು ತಿರುಗಿಸಿದ್ದು

ಮೊನ್ನೆ ಮಳೆ ಬಿಡುವು ಕೊಟ್ಟ ಮಧ್ಯಾಹ್ನ ನನ್ನ ಹೆಂಡತಿ ಟ್ರಂಕಿನ ಉಣ್ಣೆಬಟ್ಟೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಿದಳು. ಅವುಗಳ ನಡುವೆ ಒಂದು ಕೆಂಪು ಜಾಕೀಟು. ಗಾದಿಯಷ್ಟು ದಪ್ಪ. ಧಾರವಾಡದಲ್ಲಿ ಅದನ್ನು ತೊಟ್ಟು ಹೊರಬಿದ್ದರೆ ಎಲ್ಲೋ ಬೆಂಕಿ ಹತ್ತಿದೆಯೆಂದು ಜನ ಹಿಂದೆಯೇ ಓಡಿಬರುವಂಥ ಬಣ್ಣ. ನಾನು ಅದರ ಎಡಗಿಸೆಯನ್ನು ಅಗಲಿಸಿ ಮೂಗು ಹಚ್ಚಿದೆ. ಒಣ ನೆಲ್ಲಿಕಾಯಿಯ ಹುಳಿ ವಾಸನೆ, ಅದರ ಕೆಳಗೆ, ಸಂಕೋಚದಿಂದ ನಿಂತ ಹಾಗೆ, ತುಸುವೇ ವಿಭೂತಿಯ ವಾಸನೆ. ಕಿಸೆ ಮೂಸುವ ಗಂಡನನ್ನು ಕಂಡರೆ ಹೆಂಡತಿಗೆ ನೂರು ಅನುಮಾನ ಬರಬೇಕು. ನನ್ನವಳಿಗೆ ಒಂದೂ ಬರಲಿಲ್ಲ. ನಲವತ್ತು ವರ್ಷದ ಸಂಸಾರ ನನ್ನ ಬಗ್ಗೆ ಆಕೆಯಲ್ಲಿ ಅಷ್ಟು ಗೌರವವನ್ನೂ ಉಳಿಸಿಲ್ಲ.

ಈ ಕಿಸೆಯ ಚರಿತ್ರೆ ತಮಗೆ ಹೇಳಬೇಕು. ಅದಕ್ಕೆ ಮೊದಲು ನನ್ನ ಪಾಪವೊಂದನ್ನು ಒಪ್ಪಿಕೊಳ್ಳಬೇಕು. ನಾನು ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದ ಮಾಸ್ತರ. ಜ್ವಾಲಾಮುಖಿಯನ್ನು ಕೆಂಪು ಸೀಮೆಸುಣ್ಣದಿಂದ ಎಷ್ಟು ಸಲ ಸ್ಫೋಟಿಸಿದ್ದೇನೋ ಲೆಕ್ಕವಿಲ್ಲ. ತಿಮಿಂಗಿಲ ಮೀನಲ್ಲ, ಮೊಲೆಯೂಡುವ ಪ್ರಾಣಿ ಎಂದು ಮೇಜು ಕುಟ್ಟಿ ಹೇಳಿದ್ದೇನೆ. ಎರಡನ್ನೂ ನೋಡಿರಲಿಲ್ಲ. ನಿವೃತ್ತನಾದ ಮೇಲೆ ಈ ಸುಳ್ಳುಸಾಕ್ಷಿಯ ಬದುಕು ಮನಸ್ಸಿಗೆ ಚುಚ್ಚತೊಡಗಿತು. ಅಷ್ಟರಲ್ಲಿ ಹುಬ್ಬಳ್ಳಿಯ ಪ್ರವಾಸದ ಕಚೇರಿಯೊಂದು ಐಸ್‌ಲ್ಯಾಂಡಿಗೆ ಹದಿನಾಲ್ಕು ಜನರ ತಂಡ ಕಟ್ಟುತ್ತಿರುವುದು ತಿಳಿಯಿತು. ಒಂದೇ ದಿನದಲ್ಲಿ ಬೆಳಿಗ್ಗೆ ಲಾವಾ ಗುಹೆ, ಮಧ್ಯಾಹ್ನ ತಿಮಿಂಗಿಲ. ಎರಡೂ ಪಾಪಕ್ಕೆ ಒಂದೇ ದಿನ ಪ್ರಾಯಶ್ಚಿತ್ತ! ಇಷ್ಟು ಅನುಕೂಲ ಕಾಶಿಯಲ್ಲೂ ಸಿಕ್ಕುವುದು ಕಷ್ಟ.

"ಧಾರವಾಡದ ಡಿಸೆಂಬರ್ ಥಂಡಿನೇ ನನಗ ಜಾಸ್ತಿ ಆಗೇತಿ" ಎಂದು ಹೆಂಡತಿ ಕೈತೊಳೆದುಕೊಂಡಳು. ಆಗ ನನ್ನ ಕಣ್ಣು ಬಿದ್ದದ್ದು ಗೋಪನಕೊಪ್ಪದಲ್ಲಿ ತನ್ನ ಮಗಳ ಮನೆಯಲ್ಲಿದ್ದ ನನ್ನ ಅಕ್ಕ ನೀಲಕ್ಕನ ಮೇಲೆ. ನನಗಿಂತ ಆರು ವರ್ಷ ದೊಡ್ಡವಳು, ಎಪ್ಪತ್ತೆರಡಾಗಿತ್ತು. ಲಿಂಗ ಕಟ್ಟಿಕೊಂಡವಳು, ದಿನಾ ಸ್ನಾನ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆ, ಆಮೇಲೆಯೇ ನೀರು. ಊಟಕ್ಕೆ ಕೂತಾಗಲೂ ಕೊರಳಲ್ಲಿ ಲಿಂಗವಿಟ್ಟುಕೊಂಡ ಬೆಳ್ಳಿ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ತುತ್ತು. ಲಿಂಗ ಮೈಮೇಲಿಂದ ತಪ್ಪಿದರೆ, ಅದು ತಿರುಗಿ ಕೈಗೆ ಬರುವವರೆಗೂ ಹನಿ ನೀರನ್ನೂ ಮುಟ್ಟಬಾರದೆಂಬುದು ಆಕೆ ಎಂಟನೆಯ ವಯಸ್ಸಿನಿಂದ ನಡೆಸಿಕೊಂಡು ಬಂದ ನೇಮ. ನನ್ನದೂ ಇದೆ. ಮೂವತ್ತು ವರ್ಷದಿಂದ ಕಪಾಟಿನ ಮೇಲಿನ ಅರೆಯಲ್ಲಿ, ಒಂದು ಹಳೆಯ ಕನ್ನಡಕದ ಡಬ್ಬಿಯಲ್ಲಿ, ಕ್ಷೇಮವಾಗಿದೆ.

"ಕನ್ನಡಕದ ಡಬ್ಬ್ಯಾಗ ಇಟ್ಟೀಯಲ್ಲೋ" ಎಂದು ಅಕ್ಕ ಬಂದಾಗಲೆಲ್ಲ ಕೆಣಕುವಳು. "ಇಷ್ಟೊತ್ತಿಗೆ ಅದಕ್ಕ ಕಣ್ಣು ಭಾಳ ಛಲೋ ಕಾಣಾಕತ್ತಿರಬೇಕು. ನಿನ್ನ ಲೀಲಾ ಎಲ್ಲಾ ನೋಡಾಕತ್ತಿರತೈತಿ."

ಆಕೆ ಮೊದಲು ಒಲ್ಲೆ ಅಂದಳು. ಸಮುದ್ರದಾಚೆ ಪೂಜೆ ಹೇಗೆ, ಊಟ ಹೇಗೆ ಎಂದಳು. "ನಿನ್ನ ಪೂಜಾಕ್ಕ, ಊಟಕ್ಕ ಒಂದು ಕೂದಲಷ್ಟೂ ತ್ರಾಸ ಆಗದಂಗ ನಾ ನೋಡ್ಕೋತೇನಿ" ಎಂದು ನಾನು ಎದೆ ತಟ್ಟಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ತಟ್ಟುತ್ತಿದ್ದ ಅದೇ ಎದೆ. ಅಕ್ಕ ನಂಬಿದಳು.

ತಂಡದ ಮ್ಯಾನೇಜರ್ ಮಂಜುನಾಥ ಜನ ಕಳೆದುಹೋಗದಿರಲೆಂದು ನಮಗೆಲ್ಲ ಒಂದೇ ಬಣ್ಣದ, ಒಂದೇ ಹೊಲಿಗೆಯ ಕೆಂಪು ಜಾಕೀಟು ತೊಡಿಸಿದ್ದ. ಆ ಬೆಳಿಗ್ಗೆ ಬಸ್ಸು ನಮ್ಮನ್ನು ಒಂದು ಕಪ್ಪು ಬಯಲಿನಲ್ಲಿ ಇಳಿಸಿತು. ಕಲ್ಲು, ಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಗಾಳಿ. ನಾನು ಬೆಟ್ಟ ಹುಡುಕಿದೆ. ಬೆಟ್ಟವಿಲ್ಲದೆ ಜ್ವಾಲಾಮುಖಿ ಹೇಗೆ? ಮೂವತ್ತನಾಲ್ಕು ವರ್ಷ ನಾನು ಬರೆದದ್ದು ತುದಿ ಕತ್ತರಿಸಿದ ಬೆಲ್ಲದ ಅಚ್ಚಿನಂಥ ಬೆಟ್ಟ. ಇಲ್ಲಿದ್ದದ್ದು ನೆಲದಲ್ಲೊಂದು ತೂತು, ಅದರೊಳಗೆ ಇಳಿಯುವ ಕಬ್ಬಿಣದ ಮೆಟ್ಟಿಲು. ಹಳದಿ ಕೂದಲಿನ ಹುಡುಗಿಯೊಬ್ಬಳು, ಗುಹೆ ತೋರಿಸುವವಳು, ಇಂಗ್ಲಿಷಿನಲ್ಲಿ ವಿವರಿಸಿದಳು: ಲಾವಾ ಹೊಳೆಯಂತೆ ಹರಿಯುವಾಗ ಮೇಲಿನ ಪದರ ಆರಿ ಗಟ್ಟಿಯಾಗುತ್ತದೆ, ಒಳಗಿನದು ಹರಿದುಹೋಗುತ್ತದೆ, ಉಳಿಯುವುದು ಈ ಪೊಳ್ಳು. ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ, ಎರಡರಷ್ಟು ಉದ್ದ ಮಾಡಿ, ಹೇಳಿದೆ.

ಅಕ್ಕ ಬಗ್ಗಿ ನೋಡಿದಳು. "ತಮ್ಮಾ, ಇದು ಹಗೇವಲ್ಲೇನೋ?"

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಹೆಬ್ಬಳ್ಳಿಯ ನಮ್ಮಪ್ಪನ ಮನೆಯ ಮುಂದೆ ಎರಡಿದ್ದವು. ವರ್ಷಗಟ್ಟಲೆ ಮುಚ್ಚಿದ್ದನ್ನು ತೆರೆದಾಗ ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು, ದೀಪ ಆರದಿದ್ದರಷ್ಟೇ ಮನುಷ್ಯ ಇಳಿಯುವುದು.

"ದೀಪ ಇಳಿಸಿ ನೋಡ್ಯಾರೇನ, ಕೇಳು ಆಕೀನ್ನ" ಎಂದಳು ಅಕ್ಕ. "ನೋಡಿಲ್ಲಂದ್ರ ನಾ ಇಳಿಯಾಂಗಿಲ್ಲ."

ನಾನು ಕೇಳಿದೆ. ಹುಡುಗಿ ನಗಲಿಲ್ಲ. ತನ್ನ ಹೆಲ್ಮೆಟ್ಟಿನ ದೀಪ ಹೊತ್ತಿಸಿ, ಇಪ್ಪತ್ತು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು, ದೀಪ ಉರಿಯುತ್ತಿರುವುದನ್ನು ಅಕ್ಕನಿಗೆ ತೋರಿಸಿದಳು. ಅಕ್ಕ ಆಕೆಯ ಕೆನ್ನೆ ಸವರಿ ಲಟಿಕೆ ಮುರಿದು, "ನಡಿ ಇನ್ನ" ಎಂದಳು.

ಒಳಗೆ ಗೋಡೆಗಳು ಕೆಂಪು, ಕಂದು, ಕೆಲವೆಡೆ ಪಾಕ ಇಳಿದು ಹೆಪ್ಪುಗಟ್ಟಿದ ಹಾಗೆ. ತುದಿ ತಲುಪಿದಾಗ ಹುಡುಗಿ ಎಲ್ಲರನ್ನೂ ಭುಜಕ್ಕೆ ಭುಜ ಹಚ್ಚಿ ನಿಲ್ಲಿಸಿದಳು. ಅಕ್ಕನ ಬಲಕ್ಕೆ ನಾನು. ಮಂಜುನಾಥ ತರ್ಜುಮೆ ಮಾಡಿದ: "ಎಲ್ಲಾರೂ ಲೈಟ್ ಆರಿಸ್ರಿ. ಒಂದು ನಿಮಿಷ ಯಾರೂ ಮಾತಾಡಬ್ಯಾಡ್ರಿ." ಮೊದಲನೆಯದು ಸುಲಭವಾಗಿತ್ತು. ಕತ್ತಲಾಯಿತು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಎಲ್ಲೋ ಒಂದು ಹನಿ ತೊಟ್ಟಿಕ್ಕಿತು. "ಹುಬ್ಬಳ್ಳಿ ನೆನಪಾತ ನೋಡ್ರಿ" ಎಂದು ಯಾರೋ ಪಿಸುಗುಟ್ಟಿದರು.

ಅವರು ಅಂದದ್ದು ಚೇಷ್ಟೆಗೆ. ಅಕ್ಕನಿಗೆ ಮಾತ್ರ ಅದು ನಿಜವಾಗಿತ್ತು. ನಮ್ಮ ಕಡೆ ಸಂಜೆ ಕರೆಂಟು ಹೋಗುವುದು ವಾಡಿಕೆಯಾದ ಕಾಲದಿಂದ ಆಕೆಯದೊಂದು ರೂಢಿ ಇದೆ. ಕತ್ತಲಾದ ಕೂಡಲೇ ಮೇಣದಬತ್ತಿ ಹುಡುಕದೆ ಇದ್ದಲ್ಲೇ ಕೂತು, ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚುವುದು. ಕರೆಂಟು ಬಂದಾಗ ಏಳುವುದು. "ಹೆಂಗೂ ಕೆಲಸ ಆಗೂದಿಲ್ಲ, ಇದಾದ್ರೂ ಆಗಲಿ" ಎನ್ನುತ್ತಾಳೆ. ಆ ಕೈ ಐಸ್‌ಲ್ಯಾಂಡಿನ ಪಾತಾಳದಲ್ಲೂ ತನ್ನ ಕೆಲಸ ಮರೆಯಲಿಲ್ಲವೆಂಬುದು ನನಗೆ ಗೊತ್ತಾದದ್ದು ತಡವಾಗಿ.

ಗುಹೆಯಿಂದ ಹೊರಬಂದು, ಬಸ್ಸಿನ ಬೆಚ್ಚಗಿನಲ್ಲಿ ಜಾಕೀಟು ಕಳಚಿ, ಬಂದರಿನ ಕಡೆ ಹೊರಟೆವು. ಒಂದು ತಾಸಿನ ದಾರಿ. ಅರ್ಧದಲ್ಲಿ ಮಂಜುನಾಥ ರೊಟ್ಟಿ, ಶೇಂಗಾ ಹಿಂಡಿ ಹಂಚಿದ. ಅಕ್ಕ ತುತ್ತಿಗೆ ಮೊದಲು ಕರಡಿಗೆ ಮುಟ್ಟಿದಳು. ಕೈ ಅಲ್ಲೇ ನಿಂತಿತು.

"ತಮ್ಮಾ. ಹಗುರೈತಿ."

ಕರಡಿಗೆ ತೆರೆದಳು. ಖಾಲಿ. ಆಮೇಲೆ ನೆನಪಾಯಿತು. ಹುಡುಗಿ ದೀಪ ಹಾಕಿಕೊಳ್ಳಿರೆಂದಾಗ ಹೆಲ್ಮೆಟ್ಟಿನ ಗುಂಡಿ ಹುಡುಕಲು ಎರಡೂ ಕೈ ಬೇಕಾಗಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಜಾಕೀಟಿನ ಬಲಗಿಸೆಗೆ ಹಾಕಿದ್ದಳು. ಮೇಲೆ ಬಂದು ಕರಡಿಗೆಗೆ ಸೇರಿಸಿದರಾಯಿತು ಎಂದು. ಮೆಟ್ಟಿಲು ಹತ್ತುವ ಏದುಸಿರಿನಲ್ಲಿ ಮರೆತಳು. ಈಗ ಬಲಗಿಸೆಯಲ್ಲಿ ಏನೂ ಇರಲಿಲ್ಲ. ಎಡಗಿಸೆಯಲ್ಲೂ ಇಲ್ಲ.

ಅಕ್ಕ ಅಳಲಿಲ್ಲ. ರೊಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಳು. ನೀರಿನ ಬಾಟಲಿಯನ್ನೂ ನನ್ನ ಕಡೆ ಸರಿಸಿದಳು. ಪ್ರವಾಸ ಇನ್ನೂ ಐದು ದಿನವಿತ್ತು, ಆಕೆಗೆ ಎಪ್ಪತ್ತೆರಡು. ನನಗೆ ಎದೆ ತಟ್ಟಿದ ಸದ್ದು ಕಿವಿಯಲ್ಲಿ ಕೇಳಿಸಿತು.

ಮಂಜುನಾಥ ಗುಹೆಯವರಿಗೆ ಫೋನು ಮಾಡಿದ. ಹುಡುಗಿ ತಾನೇ ಮತ್ತೆ ಇಳಿದು ಹುಡುಕುವುದಾಗಿ ಹೇಳಿದಳು. "ಜಾಕೀಟು ಅದಲುಬದಲು ಆಗಿರಬೇಕ್ರಿ ಮಾಸ್ತರ, ಎಲ್ಲಾರ ಕಿಸೆ ನೋಡೂಣು" ಎಂದ ಮಂಜುನಾಥ. ಆ ಕೆಲಸಕ್ಕೆ ನನ್ನನ್ನು ಬಿಟ್ಟರೆ ಯಾರು? ಪರೀಕ್ಷೆಯಲ್ಲಿ ಚೀಟಿ ಹಿಡಿಯುವುದರಲ್ಲಿ ನಾನು ತಾಲೂಕಿಗೇ ಹೆಸರಾದವನು. ಎದ್ದು ನಿಂತು, ಕನ್ನಡಕ ಏರಿಸಿ, ಸಾಲುಸಾಲಾಗಿ ಹನ್ನೆರಡು ಜನರ ಇಪ್ಪತ್ನಾಲ್ಕು ಕಿಸೆ ತಪಾಸಣೆ ಮಾಡಿದೆ. ನಿವೃತ್ತ ತಹಶೀಲ್ದಾರರೊಬ್ಬರ ಕಿಸೆಯಲ್ಲಿ ಗುಹೆಯ ಕಲ್ಲು ಸಿಕ್ಕಿತು. ಅವರು ತಲೆ ತಗ್ಗಿಸಿದರು. ಲಿಂಗ ಸಿಕ್ಕಲಿಲ್ಲ. ಮೇಲ್ವಿಚಾರಕ ಎಲ್ಲರ ಕಿಸೆ ನೋಡುತ್ತಾನೆ. ತನ್ನ ಕಿಸೆ ನೋಡಿಕೊಳ್ಳುವ ಪದ್ಧತಿ ಆ ಇಲಾಖೆಯಲ್ಲಿ ಇಲ್ಲ.

ಬಂದರಿನಲ್ಲಿ ಅಕ್ಕ, "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂಡರತೇನಿ" ಎಂದಳು. ಒಬ್ಬಳನ್ನೇ ಬಿಡುವುದು ಹೇಗೆ? ನಾನೂ ಉಳಿಯುತ್ತೇನೆಂದೆ. "ಮೂವತ್ತು ವರ್ಷ ಅದರ ಹೆಸರ್ಲೇ ಉಂಡಿ. ನನ್ನ ಸಲುವಾಗಿ ಅದನ್ನ ತಪ್ಪಿಸಿಕೋಬ್ಯಾಡ" ಎಂದು ತಾನೇ ಎದ್ದಳು. ದೋಣಿಯವರು ಜಾಕೀಟಿನ ಮೇಲೆ ಕತ್ತಿನಿಂದ ಪಾದದವರೆಗೆ ಮುಚ್ಚುವ ದೊಗಳೆ ಉಡುಪೊಂದನ್ನು ಹಾಕಿಸಿದರು. ತುಂಬಿದ ಅರಳೆ ಚೀಲಗಳಂತೆ ನಾವು ಹದಿನಾಲ್ಕು ಜನ ಉರುಳುತ್ತ ದೋಣಿ ಹತ್ತಿದೆವು.

ಸಮುದ್ರದ ಮೇಲೆ ಎರಡು ತಾಸು. ಎಲ್ಲರೂ ಕಟಕಟೆಗೆ ಒರಗಿ ನೀರು ನೋಡುತ್ತಿದ್ದರೆ, ಅಕ್ಕ ನಡುವಿನ ಬೆಂಚಿನಲ್ಲಿ ಖಾಲಿ ಕರಡಿಗೆ ಹಿಡಿದು ಕೂತಿದ್ದಳು. ತುಟಿ ಒಣಗಿತ್ತು. ಗುಹೆಯ ಹುಡುಗಿಯಿಂದ ಮಂಜುನಾಥನಿಗೆ ಸುದ್ದಿ ಬಂತು: ಎರಡು ಸಲ ಹುಡುಕಿದರೂ ಸಿಕ್ಕಿಲ್ಲ. ಅವನು ಅದನ್ನು ನನ್ನ ಕಿವಿಯಲ್ಲಿ ಹೇಳಿದ. ನಾನು ಅಕ್ಕನಿಗೆ ಹೇಳಲಿಲ್ಲ.

"ಅಕ್ಕಾ, ಒಂದು ಗುಟುಕು ಬಿಸಿನೀರು."

"ಬ್ಯಾಡೋ."

"ವಯಸ್ಸಾದವರಿಗೆ ನಡೀತೈತಿ."

"ಯಾವ ಪುಸ್ತಕದಾಗ ಬರದಾರ, ಮಾಸ್ತರ?" ಎಂದು ನಕ್ಕಳು. ಆ ನಗೆಗಿಂತ ಬೈದಿದ್ದರೆ ವಾಸಿಯಿತ್ತು. ಸ್ವಲ್ಪ ಹೊತ್ತಿಗೆ ತಾನೇ ಅಂದಳು: "ಅವ್ವ ಕಟ್ಟಿಸಿದ್ದು ನೋಡು. ನನ್ನ ಮೈಮ್ಯಾಲ ಹುಟ್ಟಿದ ಊರಿಂದು ಅದೊಂದ ಉಳದಿತ್ತು."

ನನಗೆ ಬಾಯಿಗೆ ಹುಳಿಯಾದದ್ದೇನಾದರೂ ಬೇಕೆನಿಸಿತು. ಅಲೆಯಿಂದಲೋ, ಮಾತಿನಿಂದಲೋ. ಊರಿಂದ ಹೊರಡುವಾಗ ಹೆಂಡತಿ ಒಣ ನೆಲ್ಲಿಕಾಯಿಯ ಪೊಟ್ಟಣ ಕೊಟ್ಟದ್ದು, ನಾನು ಅದನ್ನು ಜಾಕೀಟಿನ ಎಡಗಿಸೆಗೆ ತುರುಕಿದ್ದು ನೆನಪಾಯಿತು. ದೊಗಳೆ ಉಡುಪಿನ ಜಿಪ್ಪು ಇಳಿಸಿ, ಕೈ ಒಳಗೆ ಹಾಕಿದೆ. ಪೊಟ್ಟಣ ಬಾಯಿಬಿಟ್ಟಿತ್ತು. ನೆಲ್ಲಿಚೂರುಗಳ ನಡುವೆ ವಿಭೂತಿ ಹತ್ತಿದ ಬಟ್ಟೆ. ಬಟ್ಟೆಯೊಳಗೆ ಗುಂಡಗೆ, ನುಣ್ಣಗೆ, ತನ್ನ ಗಾತ್ರಕ್ಕಿಂತ ಹೆಚ್ಚು ತೂಕದ ಏನೋ ಒಂದು.

ಕತ್ತಲಲ್ಲಿ ಅಕ್ಕನ ಕೈ ತನ್ನ ಬಲಗಿಸೆಗೆ ಹೋಗಿರಲಿಲ್ಲ. ಬಲಕ್ಕೆ ಅಂಟಿ ನಿಂತಿದ್ದ ನನ್ನ ಎಡಗಿಸೆಗೆ ಬಂದಿತ್ತು. ಗಾದಿಯಂಥ ಜಾಕೀಟಿನೊಳಗಿದ್ದ ನನಗೆ ತಿಳಿದಿರಲಿಲ್ಲ.

ಸರಿಯಾಗಿ ಆಗಲೇ ದೋಣಿಯೆಲ್ಲ ಒಂದೇ ಕಡೆ ವಾಲಿತು. "ಬಂತು! ಬಂತ್ರಿ! ಮಾಸ್ತರ, ಲಗೂ ಬರ್ರಿ!" ಎಂದು ಮಂಜುನಾಥ ಚೀರಿದ. ಹಿಂದಿನಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು, ಹಬೆಯ ಇಂಜಿನ್ನು ನಿಂತಾಗ ಬಿಡುವಂಥದ್ದು. ನಾನು ತಿರುಗಲಿಲ್ಲ. ಅಕ್ಕನ ಮುಂದೆ ಮೊಣಕಾಲೂರಿ ಬಟ್ಟೆಯ ಗಂಟನ್ನು ಆಕೆಯ ಎಡ ಅಂಗೈಯಲ್ಲಿಟ್ಟೆ. ಆಕೆ ನೋಡಿದಳು. ಬಿಚ್ಚಿದಳು. ಕಣ್ಣು ಮುಚ್ಚಿದಳು. ನನ್ನ ಬೆನ್ನ ಹಿಂದೆ ಜನ ಹೋ ಎಂದು ಕೂಗಿದರು, ನೀರು ದಢಾರನೆ ಸೀಳಿತು, ಮುಖಕ್ಕೆ ಹನಿ ಸಿಡಿಯಿತು, ಆಮೇಲೆ ಎಲ್ಲ ಮೌನ. ಮೂವತ್ತನಾಲ್ಕು ವರ್ಷದ ನನ್ನ ಪಾಠ ಬಾಲವೆತ್ತಿ ಮುಳುಗಿ ಹೋಯಿತು.

ಅಕ್ಕ ಕಣ್ಣು ತೆರೆದಾಗ ಅವಳ ಮೊದಲ ಮಾತು: "ನೀರು ಕೊಡೋ."

ಅರ್ಧ ಬಾಟಲಿ ಒಂದೇ ಸಮ ಕುಡಿದಳು. ಆ ಗುಟುಕಿನ ಸದ್ದಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ. ಬಾಯಿ ಒರೆಸಿಕೊಂಡು, "ಎಲ್ಲಿತ್ತು?" ಎಂದಳು. ಹೇಳಿದೆ. "ಹೌದಾ?" ಎಂದು ನನ್ನ ಕಿಸೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬ್ಯಾರೇದವರ ಕಿಸೆ ಹುಡುಕೂ ಚಟ ನಿಂದು ಹೋಗಲಿಲ್ಲ" ಎಂದಳು. ಆಮೇಲೆ ಬಾಗಿ ಖಾಲಿ ಸಮುದ್ರ ನೋಡಿದಳು. "ಮೀನು ಹೋತೇನೋ?"

"ಅದು ಮೀನಲ್ಲಕ್ಕಾ" ಎಂದೆ. ಪಾಠ ಅಲ್ಲಿಗೇ ನಿಂತಿತು.

ಇದೆಲ್ಲ ಆಗಿ ಎರಡು ವರ್ಷ. ಊರಲ್ಲಿ ಯಾರಾದರೂ "ತಿಮಿಂಗಿಲ ನೋಡಿದ್ರೇನ್ರಿ ಮಾಸ್ತರ?" ಎಂದು ಕೇಳಿದರೆ "ಭಾಳ ಹತ್ತಿರಿದ್ದೆ" ಎನ್ನುತ್ತೇನೆ. ಸುಳ್ಳಲ್ಲ.

ಮೊನ್ನೆ, ಜಾಕೀಟು ಮಡಚಿ ಒಳಗಿಟ್ಟ ಸಂಜೆ, ಮಳೆ ಮತ್ತೆ ಹಿಡಿದು ಕರೆಂಟು ಹೋಯಿತು. ಇನ್ವರ್ಟರ್ ಸುತ್ತಮುತ್ತಲಿನ ಮನೆಗಳಲ್ಲಿ ಗುಂಯ್ ಎಂದಿತು. ನಮ್ಮದು ಕೆಟ್ಟು ವಾರವಾಗಿದೆ. ಫೋನು ಬಡಿಯಿತು.

"ನಿಮ್ಮಲ್ಲೂ ಹೋಗೇತೇನ?" ಗೋಪನಕೊಪ್ಪದಿಂದ ಅಕ್ಕ.

"ಹೋಗೇತಿ."

"ಹಂಗಾರ ಇಡತೇನಿ. ನಂದು ಕೆಲಸೈತಿ."

ನಾನು ಮೇಣದಬತ್ತಿಗೆಂದು ಎದ್ದೆ. ಕಪಾಟಿನ ಮೇಲಿನ ಅರೆಗೆ ಕೈಚಾಚಿದಾಗ ಬೆರಳಿಗೆ ಮೊದಲು ಸಿಕ್ಕದ್ದು ಮೇಣದಬತ್ತಿಯಲ್ಲ, ಆ ಹಳೆಯ ಕನ್ನಡಕದ ಡಬ್ಬಿ. ಕತ್ತಲಲ್ಲೇ ಮುಚ್ಚಳ ತೆರೆದೆ. ಗುಂಡಗೆ, ನುಣ್ಣಗೆ, ಗಾತ್ರಕ್ಕಿಂತ ಹೆಚ್ಚು ತೂಕ. ಆ ತೂಕ ನನ್ನ ಕೈಗೆ ಗೊತ್ತಿತ್ತು. ಇದ್ದಲ್ಲೇ ಕೂತೆ. ಕರೆಂಟು ಎಷ್ಟು ಹೊತ್ತಿಗೆ ಬಂತೋ ನಾನು ಗಮನಿಸಲಿಲ್ಲ. ಹೆಂಡತಿ ಗಮನಿಸಿರಬೇಕು.

ಮರುದಿನ ಆಕೆ ಕಪಾಟು ಒರೆಸುವಾಗ ಆ ಡಬ್ಬಿಯನ್ನು ತೆರೆದು ನೋಡಿ, ಮತ್ತೆ ಮೆಲ್ಲಗೆ ಮುಚ್ಚಿದಳು. ಅದರಲ್ಲೀಗ ಬರೀ ಕನ್ನಡಕವಿತ್ತು.