ಹಡಗು ಫುಲ್ ಅಂದ ಶೇಖರಣ್ಣ

ಪ್ರವಾಸಿ ಹಡಗು ಬಂದರಿಗೆ ಬರುವ ದಿನ ಊರು ನೋಡಲು ಇಳಿಯುವವರಿಗೆ ಬಸ್ಸು ಕಳಿಸುವುದು ನನ್ನ ಕೆಲಸ. ಹಂಪನಕಟ್ಟೆಯ ಟೂರ್ ಏಜೆಂಟ್ ಶೇಖರಣ್ಣ ಆ ಸಲ ಹನ್ನೆರಡು ಬಸ್ಸು ಕೇಳಿದರು.

"ಹಡಗು ಫುಲ್ ಉಂಟು."

"ಯಾರು ಹೇಳಿದ್ದು?"

"ಎಂತ ಮಾರಾಯ್ರೆ, ಅಷ್ಟು ದೊಡ್ಡ ಹಡಗು ಖಾಲಿ ಬರ್ತದಾ?"

ನಾನು ಅವರೆದುರೇ ಮೊಬೈಲ್ ತೆಗೆದು ಅದೇ ಹಡಗಿಗೆ, ಅದೇ ಪ್ರಯಾಣಕ್ಕೆ ಟಿಕೆಟ್ ಮಾಡಲು ನೋಡಿದೆ. ಅದು ಹೊರಡಲು ನಾಲ್ಕೇ ದಿನ ಬಾಕಿ. ಆದರೂ ಎಲ್ಲ ನಮೂನೆಯ ಕೋಣೆಗಳು ಸಿಗುತ್ತಿದ್ದವು, ಅದೂ ಅರ್ಧ ದರಕ್ಕೆ.

"ನಾನು ಸಿಟಿ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಕಂಡಕ್ಟರ್ ಆಗಿದ್ದವ," ಅಂದೆ. "ಬಸ್ಸು ತುಂಬಿದ್ದರೆ ಪಂಪ್‌ವೆಲ್ ಸ್ಟಾಪಿನಲ್ಲಿ ನಿಲ್ಲಿಸಿ ಜನ ಕರೆಯುವುದಿಲ್ಲ. ಈ ಹಡಗಿನವರು ಇನ್ನೂ ಕರೀತಾ ಇದ್ದಾರೆ. ಐದು ಬಸ್ಸು ಸಾಕು."

"ಒಬ್ಬ ಪ್ಯಾಸೆಂಜರ್ ಬಿಸಿಲಲ್ಲಿ ನಿಂತರೂ ಮತ್ತೆ ನಿಮಗೆ ಕೆಲಸ ಕೊಡುವುದಿಲ್ಲ."

"ಆಯ್ತು, ಕೊಡಬೇಡಿ," ಅಂದು ಎದ್ದು ಬಂದೆ. ಹಡಗು ಬರುವವರೆಗೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎನ್ನುವುದನ್ನು ಅವರಿಗೆ ಈಗಲೂ ಹೇಳಿಲ್ಲ.

ಐದೇ ಬಸ್ಸು ಕಳಿಸಿದೆ. ನಾಲ್ಕು ತುಂಬಿದವು. ಐದನೆಯದರಲ್ಲಿ ಒಂಬತ್ತು ಜನ ಕೂತರು, ಹಡಗಿನ ಮೆಟ್ಟಿಲಲ್ಲಿ ಮತ್ತೆ ಯಾರೂ ಕಾಣಲಿಲ್ಲ. ಶೇಖರಣ್ಣ ಮುಖ ಗಂಟು ಹಾಕಿಕೊಂಡು ಆ ಬಸ್ಸಿನ ಬಾಗಿಲಲ್ಲೇ ನಿಂತಿದ್ದರು, ಒಳಗೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ.

ಹದಿನಾಲ್ಕು ವರ್ಷ ದಿನಕ್ಕೆ ನೂರು ಸಲ ಹೇಳಿದ ಮಾತು ತಾನಾಗಿಯೇ ಬಾಯಿಗೆ ಬಂತು.

"ಒಳಗೆ ಹೋಗಿ ಶೇಖರಣ್ಣ, ಹಿಂದೆ ಸೀಟು ಉಂಟು."